ಸುಣ್ಣದಡಿಯ ಅಮ್ಮಚ್ಚಿ

ಫೋರ್ಟ್ ಕೊಚ್ಚಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆಗೆದು ಬೀದಿಗಿಳಿದವಳು ಬೆಚ್ಚಿಬಿದ್ದೆ. ನಾನು ಕೆಲಸಕ್ಕೆ ಸೇರಿದ್ದ ಹೋಂಸ್ಟೇ ಗೋಡೆಯ ತುಂಬ ಒಬ್ಬ ಮುದುಕಿಯ ಮುಖ, ಆಳೆತ್ತರದ್ದು. ನಮ್ಮ ಗುಂಡ್ಲುಪೇಟೆಯಲ್ಲಿ ಅಷ್ಟು ದೊಡ್ಡ ಮುಖ ಗೋಡೆ ಹತ್ತಬೇಕಾದರೆ ಎಲೆಕ್ಷನ್‌ಗೆ ನಿಂತಿರಬೇಕು. ಇಲ್ಲಿ ಹಳೇ ಗೋದಾಮು, ಟೀ ಅಂಗಡಿ, ಸಂದಿಗೊಂದಿ, ಎಲ್ಲಿ ನೋಡಿದರೂ ಚಿತ್ರವೇ. ಒಂದು ಕಡೆ ಮೇಕೆಗೆ ರೆಕ್ಕೆ ಬೇರೆ ಹಚ್ಚಿದ್ದರು. ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಅಂದುಕೊಂಡೆ.

ಗುಂಡ್ಲುಪೇಟೆ ಪಕ್ಕದ ನಮ್ಮೂರು ಹಂಗಳದಲ್ಲಿ ಅವ್ವನನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದೆ. ಹೋಂಸ್ಟೇಯ ಮೆಟ್ಟಿಲ ಕೆಳಗಿನ ಕೋಣೆ ನನ್ನದು. ನಮ್ಮಲ್ಲಿ ಚೆಂಡುಹೂವು ಕೊಳ್ಳಲು ಬರುವವರಿಂದ ಚೂರುಪಾರು ಮಲಯಾಳ ಕಲಿತಿದ್ದೆ. ತೂಕ, ರೇಟಿನ ಮಾತು ಬರುತ್ತಿತ್ತು, ಸಂಕಟದ ಮಾತು ಬರುತ್ತಿರಲಿಲ್ಲ. ಇವರ ಚೋರು, ಅಂದರೆ ಕೆಂಪಕ್ಕಿಯ ಅನ್ನ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರಾಗಿ ಹಿಟ್ಟು ಸಿಕ್ಕ ದಿನ ಮುದ್ದೆ ಮಾಡಿಕೊಂಡು, ಒಬ್ಬಳೇ ಕೂತು ಅತ್ತೆ.

ಎರಡು ವಾರಕ್ಕೆ ಯುಗಾದಿ ಬಂತು. ಹಬ್ಬಕ್ಕೆ ಸುಣ್ಣ ಹೊಡೆಯದ ಮನೆ ನಮ್ಮ ಕಡೆ ಮನೆಯೇ ಅಲ್ಲ. ಹೋಂಸ್ಟೇ ಒಡತಿ ಹಿತ್ತಲ ಗೋಡೆಗೆ ಮಾತ್ರ ಒಪ್ಪಿದ್ದರು. ಆದರೆ ಬೀದಿಯ ಗೋಡೆಯೊಂದನ್ನೇ ಹಾಗೇ ಬಿಡಲು ಮನಸ್ಸು ಬರಲಿಲ್ಲ. ಮುದುಕಿಯ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಒಳ್ಳೆಯದೇ ಮಾಡುತ್ತಿದ್ದೇನೆಂದು ನೆತ್ತಿಯಿಂದ ಗದ್ದದವರೆಗೆ ಬಳಿದೆ.

ಎದುರು ಮನೆಯ ಲೀಲಾ ಚೇಚಿ ಹೊರಬಂದು ನಿಂತಳು. ಚೇಚಿ ಎಂದರೆ ಅಕ್ಕ. ಬೈಯಲಿಲ್ಲ, ಅಲ್ಲೇ ರಸ್ತೆಯಲ್ಲಿ ಕುಸಿದು ಕೂತಳು. ಅದು ತೀರಿಹೋದ ಅವಳ ಅಮ್ಮಚ್ಚಿ, ಅಂದರೆ ತಾಯಿ, ಈ ಬೀದಿಯಲ್ಲಿ ಮೀನು ಮಾರಿದವಳು. ಚಿತ್ರ ಕಲಿಯುವ ಹುಡುಗಿಯೊಬ್ಬಳು ಅವಳನ್ನು ಎದುರಿಗೆ ಕೂರಿಸಿಕೊಂಡು ಬರೆದಿದ್ದಳಂತೆ. ಮನೆಗೆ ನೀರು ನುಗ್ಗಿ ಫೋಟೋಗಳೆಲ್ಲ ಹೋದ ಮೇಲೆ ಉಳಿದಿದ್ದು ಈ ಗೋಡೆಯೊಂದೇ. ತಾಯಿಯ ಮುಖಕ್ಕೇ ಸುಣ್ಣ ಬಳಿದುಬಿಟ್ಟೆನಲ್ಲ ಪಾಪಿ.

ಅಳುತ್ತಲೇ ಅವ್ವನಿಗೆ ಫೋನ್ ಮಾಡಿದೆ. ಅವಳು ಎಲೆಅಡಿಕೆ ಉಗುಳಿ ಬಂದು, "ಅತ್ಕೊಂಡು ಕೂತ್ರೆ ಅಳಿಸೋಗಿದ್ದು ಬತ್ತದಾ? ಸುಣ್ಣ ಇನ್ನೂ ವಣಗಿಲ್ಲ ತಾನೆ? ನೀರ್ ಉಯ್ದು ಮೆತ್ತಗೆ ಒರಸ್ಬುಡು ಓಗು ಕಣಮ್ಮಿ" ಅಂದಳು.

ಲೀಲಾ ಚೇಚಿಯೂ ನಾನೂ ಬಕೆಟ್ಟುಗಟ್ಟಲೆ ನೀರು ಹೊತ್ತೆವು. ಹಣೆ ಬಂತು, ಕಣ್ಣು ಬಂದವು. ಬಾಯಿ ಮಾತ್ರ ಬರಲಿಲ್ಲ, ಅಲ್ಲಿನ ಚಕ್ಕೆ ಬಟ್ಟೆಯ ಜೊತೆ ಕಿತ್ತು ಬಂತು. ಚೇಚಿ ನಾನು ದಿನಾ ಬಾಗಿಲಿಗೆ ಹಾಕುವ ರಂಗೋಲಿ ತೋರಿಸಿ, ನೀನೇ ಬರಿ ಅಂದಳು.

ನಾನು ಕಾಣದ ಹೆಂಗಸಿನ ಬಾಯಿ ಹೇಗೆ ಬರೆಯಲಿ? ಮೆಟ್ಟಿಲಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಲ್ಲಿ ಕೈ ತನಗೆ ಗೊತ್ತಿದ್ದನ್ನೇ ಬರೆಯಿತು. ಎಲೆಅಡಿಕೆ ಒತ್ತರಿಸಿಕೊಂಡು ಎಡಕ್ಕೆ ವಾಲಿದ ತುಟಿ, ನಮ್ಮವ್ವನದು. ಚೇಚಿ ಹತ್ತಿರ ಬಂದು ನೋಡಿದಳು. ನನ್ನ ಅಮ್ಮಚ್ಚಿಯ ಬಾಯಿ ಇದಲ್ಲ, ಆದರೂ ಇರಲಿ, ಬಾಯಿಲ್ಲದೆ ಹೇಗಿರುತ್ತಾಳೆ ಅಂದಳು. ಅವತ್ತು ಅವಳ ಮನೆಯಲ್ಲಿ ಚೋರು ಉಂಡೆ, ಇಳಿಯಿತು.

ರಜೆಯಲ್ಲಿ ಹಂಗಳಕ್ಕೆ ಹೋದಾಗ ಅವ್ವ ಊರ ಸುದ್ದಿ ಹೇಳುತ್ತಿದ್ದರೆ ನಾನು ಅವಳ ತುಟಿಯನ್ನೇ ನೋಡುತ್ತ ಕೂರುತ್ತೇನೆ. ಅವಳಿಗೆ ವಯಸ್ಸಾಗಿದೆ. ಅವಳಿಲ್ಲದ ದಿನ ಅವಳನ್ನು ನೋಡಬೇಕೆನ್ನಿಸಿದರೆ ನಾನು ಹತ್ತಬೇಕಾದ ಬಸ್ಸು ಹಂಗಳದ್ದಲ್ಲ, ಕೊಚ್ಚಿಯದು.