ನಟ್ಟನಡುವೆ ಹಳದಿ ಚೌಕ

ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕಿದವಳು. ಹಾಗಾಗಿ ಬೀದಿಗೆಲ್ಲ ಅವಳು ಕಾಜಾ ಅತ್ತೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಅಂಗಿ ಹಾಕೋರನ್ನ ದಿನಾ ನೋಡ್ತೀನಲ್ಲ, ಸಾಕು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಣ್ಣ, ತಮ್ಮ ಇಬ್ಬರೂ ಇರುವ ಮನೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆ ಅವಳದು. ತಮ್ಮನ ಆರು ವರ್ಷದ ಮಗಳೂ ಅಲ್ಲೇ ಮಲಗುತ್ತಾಳೆ. ಮಗುವಿನ ತಾಯಿ ಗಂಡನಿಂದ ಬೇರೆಯಾಗಿ ಎರಡು ವರ್ಷವಾಯಿತು. ಅಂದಿನಿಂದ ಆ ಮನೆಯಲ್ಲಿ ಅವಳ ಸುದ್ದಿ ಯಾರೂ ಎತ್ತುವುದಿಲ್ಲ. ಗೋಡೆಯ ಮೇಲಿನ ಫೋಟೋಗಳೂ ಇಳಿದಿವೆ. ಬೀರುವಿನ ಹಿಂದೆ ಬಿದ್ದುಕೊಂಡಿದ್ದ, ಅವಳೇ ಕೊಕ್ಕೆಕಡ್ಡಿಯಲ್ಲಿ ಹೆಣೆದ ಒಂದು ಕ್ರೋಶಾ ಚೌಕ ಮಾತ್ರ ಉಳಿದಿತ್ತು. ಅಂಗೈಯಗಲದ್ದು, ಹಳದಿ.

ಅದನ್ನೇ ನಡುವೆ ಇಟ್ಟುಕೊಂಡು ಕಾಜಾ ಅತ್ತೆ ಮಗುವಿಗೊಂದು ಹೊದಿಕೆ ಶುರುಮಾಡಿದಳು. ಬಿಚ್ಚಿದ ಸ್ವೆಟರು, ಹರಿದ ಮಫ್ಲರು, ನೆರೆಹೊರೆಯವರು ಕೊಟ್ಟ ಚೂರುಪಾರು ಉಲ್ಲನ್. ಬಣ್ಣಕ್ಕೂ ಬಣ್ಣಕ್ಕೂ ಎಣ್ಣೆ ಸೀಗೆಕಾಯಿ. ಅಣ್ಣನ ಹೆಂಡತಿಯೂ ಒಂದು ದಿನ ಹುಮ್ಮಸ್ಸು ಬಂದು ಹಸಿರು ಚೌಕವೊಂದನ್ನು ಹೆಣೆದು ಕೊಟ್ಟಿದ್ದಳು. ಅದರ ಕೊನೆಯ ಸುತ್ತನ್ನು ಅತ್ತೆಯೇ ಹಾಕಿ, ಪ್ರತಿ ಕುಣಿಕೆಯನ್ನೂ ಪಕ್ಕದ ಹಳದಿಯ ಕುಣಿಕೆಯೊಳಗೆ ತೂರಿಸಿ ಬೆಸೆದಳು. ಸೂಜಿಯಲ್ಲಿ ಹೊಲಿದಿದ್ದರೆ ಯಾರು ಬೇಕಾದರೂ ಬಿಚ್ಚಬಹುದಿತ್ತು. ಅದು ಅವಳಿಗೆ ಗೊತ್ತಿತ್ತು.

ಅರವತ್ಮೂರು ಚೌಕ ಸೇರಿ ಹೊದಿಕೆ ಮುಗಿದ ವಾರವೇ ತಮ್ಮನಿಗೆ ಹೊಸ ಸಂಬಂಧ ಕೂಡಿಬಂತು. ಹೆಣ್ಣಿನ ಕಡೆಯವರು ಭಾನುವಾರ ಮನೆ ನೋಡಲು ಬರುವವರಿದ್ದರು. ಅತ್ತಿಗೆ ಕತ್ತರಿ ಹಿಡಿದೇ ಕೋಣೆಗೆ ಬಂದು ಮಂಚದ ಮೇಲೆ ಕೂತಳು.

"ಆ ಹಳದಿ ಯಾರದು ಅಂತ ನಂಗೊತ್ತು. ತೆಗಿ ಅದನ್ನ. ಹೊಸಬಳು ಬರೋ ಮನೇಲಿ ಹಳೇದರ ಗುರುತು ಯಾಕೆ?"

"ಬಿಚ್ಚಬೇಕಾದ್ರೆ ನಿಮ್ಮ ಹಸಿರಿಂದಲೇ ಶುರುಮಾಡ್ಬೇಕು, ಅತ್ತಿಗೆ."

"ಹಾಗಾದ್ರೆ ಕತ್ತರಿಸು."

"ನಾನಂತೂ ಕತ್ತರಿಸಲ್ಲ. ಕತ್ತರಿ ನಿಮ್ಮ ಕೈಲೇ ಇದೆ." ಅತ್ತೆ ಹೊದಿಕೆಯನ್ನು ಅವಳ ಮಡಿಲಿಗೇ ಹಾಸಿದಳು. "ಆದ್ರೆ ಆಮೇಲೆ ಆ ತೂತನ್ನ ನಾನು ಮುಚ್ಚಲ್ಲ. ತೂತು ಹಾಕಿ ಗಟ್ಟಿಮಾಡೋದೇ ನನ್ನ ಕಸುಬು, ಅದು ತೂತಾಗೇ ಇರುತ್ತೆ. ಬಂದವರು ಏನಿತ್ತು ಇಲ್ಲಿ ಅಂದ್ರೆ, ಉತ್ತರ ನೀವೇ ಕೊಡಿ."

"ಉಂಡ ಮನೇಲಿ ಎಷ್ಟು ಸೊಕ್ಕು ನಿಂಗೆ."

"ಅರ್ಧ ಅಕ್ಕಿ ನಾನೇ ತರ್ತೀನಲ್ಲ, ಅರ್ಧ ಸೊಕ್ಕಾದ್ರೂ ಬೇಡ್ವಾ?"

ಅತ್ತಿಗೆ ಕತ್ತರಿಯ ಬಾಯಿ ತೆರೆದಳು. ಹಳದಿಯ ಅಂಚು ಹುಡುಕಿದಳು. ಕುಣಿಕೆಯೊಳಗೆ ಕುಣಿಕೆ ಸೇರಿ, ಎಲ್ಲಿ ಹಳದಿ ಮುಗಿದು ಎಲ್ಲಿ ತನ್ನ ಹಸಿರು ಶುರುವಾಗುತ್ತದೋ ಅವಳಿಗೇ ಗೊತ್ತಾಗಲಿಲ್ಲ. ಹೊದಿಕೆಯನ್ನು ಮಂಚದ ಮೇಲೆ ಎಸೆದು ಅಡುಗೆಮನೆಗೆ ಹೋದಳು.

ಶಾಲೆಯಿಂದ ಬಂದ ಮಗು ಚೀಲ ಕಳಚಿ, ನೇರ ಹೊದಿಕೆಯ ಮೇಲೆ ಬಿದ್ದು ಹೊರಳಾಡಿತು. ಒಂದೊಂದೇ ಚೌಕದ ಮೇಲೆ ಬೆರಳಿಡುತ್ತ, ನಡುವಿನ ಹಳದಿಗೆ ಬಂದು ಕೇಳಿತು, "ಅತ್ತೇ, ಇದು ಯಾರದು?"

"ನಿನ್ನಮ್ಮಂದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಮಗು ದನಿ ತಗ್ಗಿಸಿತು. "ಅಮ್ಮಂಗೆ ಹೆಣೆಯೋಕೆ ಬರ್ತಿತ್ತಾ?"

"ಬರ್ತಿತ್ತು," ಎಂದಳು ಕಾಜಾ ಅತ್ತೆ, ಬೀದಿಗೂ ಕೇಳುವಷ್ಟು ಗಟ್ಟಿಯಾಗಿ. "ನನಗಿಂತ ಚೆನ್ನಾಗಿ ಹೆಣೀತಿದ್ಳು. ಬಾ, ಹೇಗೆ ಅಂತ ತೋರಿಸ್ತೀನಿ."