ನಾಗಲಕ್ಷ್ಮಮ್ಮನವರ ಬಿಸ್ಕತ್ ಡಬ್ಬಿ

ನಾಗಲಕ್ಷ್ಮಮ್ಮನವರು ನನ್ನ ಆಧಾರ್ ಕಾರ್ಡಿನ ಜೆರಾಕ್ಸಿನಲ್ಲಿ ತೆಂಗಿನಕಾಯಿ ಸುತ್ತಿ ಕೊಟ್ಟ ದಿನದಿಂದ ಎರಡು ವರ್ಷ ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ. ಅದು ಅವರ ಗಮನಕ್ಕೇ ಬಂದಿರಲಿಲ್ಲ ಎಂಬುದು ಬೇರೆ ಮಾತು.

ಕಾಡುಗೋಡಿಯಲ್ಲಿ ನಾವು ಕೊಂಡ ಫ್ಲಾಟನ್ನು ಬಿಲ್ಡರು 'ಇನ್ನೇನು ದಸರಾ ಹೊತ್ತಿಗೆ' ಎನ್ನುತ್ತ ಎಂಟು ತಿಂಗಳು ತಳ್ಳಿದಾಗ, ಎದುರಿಗೇ ಇದ್ದ ಅವರ ಹಳದಿ ಬಿಲ್ಡಿಂಗಿನಲ್ಲಿ ಬಾಡಿಗೆಗಿದ್ದೆ. ಹದಿನೆಂಟು ಮನೆಗಳ ಬಿಲ್ಡಿಂಗು. ಮನೆ ಕೇಳಲು ಹೋದ ದಿನ, ನೀವೇನು ಬರೆಯುತ್ತೀರಿ, ಯಾವುದರಲ್ಲಿ ಬರೆಯುತ್ತೀರಿ ಎಂದು ಅವರು ಕೇಳಬಹುದೆಂದು ಉತ್ತರವನ್ನು ವಿನಯದ ಸಮೇತ ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಆಧಾರ್ ಜೆರಾಕ್ಸ್ ತಂದಿದೀರಾ ಸಾ? ಎರಡೂ ಕಡೆ?"

ಕೊಟ್ಟೆ. ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ನನ್ನ ಮುಖವನ್ನು ಕನ್ನಡಕ ತೆಗೆದು ನೋಡಿ, ತುಕ್ಕು ಹಿಡಿದ ಒಂದು ಬಿಸ್ಕತ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಡಿದರು. ಪೊಲೀಸ್ ಸ್ಟೇಷನ್ನಿನವರು ಬಾಡಿಗೆದಾರರ ವಿವರ ಕೇಳುತ್ತಾರಂತೆ. ಅದರ ಮರುವಾರದಿಂದಲೇ ನನಗೆ ಫೋನುಗಳು ಶುರುವಾದವು. ಪರ್ಸನಲ್ ಲೋನ್ ಬೇಕೆ, ದೇವನಹಳ್ಳಿಯಲ್ಲಿ ಸೈಟು ಬೇಕೆ, ಮಂಡಿ ನೋವಿದೆಯೆ? ಮಂಡಿ ನೋವು ಇದ್ದದ್ದು ನಿಜ. ಅದು ನನ್ನ ಹೆಂಡತಿ ಶೈಲಜಾ ಬಿಟ್ಟರೆ ಈ ಹೆಂಗಸಿಗೆ ಮಾತ್ರ ಗೊತ್ತಿತ್ತು, ಏಕೆಂದರೆ ನಾನು ಮೆಟ್ಟಿಲು ಹತ್ತುವುದನ್ನು ಇವರು ದಿನಾ ನೋಡುತ್ತಿದ್ದರು. ಇವರು ನಮ್ಮೆಲ್ಲರ ವಿವರಗಳನ್ನು ಎಲ್ಲಿಗೋ ಸಗಟಾಗಿ ಸಾಗಿಸುತ್ತಿದ್ದಾರೆಂದು ತೀರ್ಮಾನಿಸಿದೆ. ಶಾಪಿಂಗ್ ಮಾಲಿನ ಬಾಗಿಲಲ್ಲಿ ಕಾರಿನ ಲಕ್ಕಿ ಡ್ರಾಗೆ ಹೆಸರು, ನಂಬರು, ವಯಸ್ಸು, ಕಾಯಿಲೆ ಎಲ್ಲವನ್ನೂ ನಾನೇ ದುಂಡಗಿನ ಅಕ್ಷರಗಳಲ್ಲಿ ತುಂಬಿ ಬಂದಿದ್ದೆ ಎಂದು ಶೈಲಜಾ ನೆನಪಿಸಿದಳು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆ ಖಾಲಿ ಮಾಡಿದ ದಿನ ಅವರು ಎಲೆ, ಅಡಿಕೆ, ತೆಂಗಿನಕಾಯಿ ಕೊಟ್ಟು ಕಳಿಸಿದರು. ಹೊಸ ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ, ಕಾಯಿಗೆ ಸುತ್ತಿದ್ದದ್ದು ನನ್ನದೇ ಆಧಾರ್ ಜೆರಾಕ್ಸು. ಜುಟ್ಟಿನ ಜಾಗಕ್ಕೆ ಸರಿಯಾಗಿ ನನ್ನ ಮುಖ. ಒಬ್ಬ ಬರಹಗಾರನ ಗುರುತನ್ನು ರದ್ದಿ ಕಾಗದ ಮಾಡಿದರಲ್ಲ ಎಂದು ಮಾತು ಬಿಟ್ಟೆ.

ನಮ್ಮ ಅಪಾರ್ಟ್‌ಮೆಂಟಿನ ಹೆಸರು ವೆನಿಸ್ ವುಡ್ಸ್. ಜೋರು ಮಳೆ ಬಂದಾಗ ಹೆಸರಿನ ಮೊದಲರ್ಧ ನಿಜವಾಗುತ್ತದೆ. ಅಲ್ಲಿ ಕಳೆದ ಡಿಸೆಂಬರಿನಲ್ಲಿ ಖಾಸಗಿತನ ಸಂರಕ್ಷಣಾ ವೇದಿಕೆ ಹುಟ್ಟಿತು. ಅಧ್ಯಕ್ಷ ಗುರುರಾಜ್ ದಾವಣಗೆರೆಯವರು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಲಿಫ್ಟಿನಲ್ಲಿ ಸಿಕ್ಕರೂ ನಾಲ್ಕು ಮಹಡಿ ಹತ್ತುವುದರೊಳಗೆ ಪೀಠಿಕೆ, ವಿಷಯ, ಉಪಸಂಹಾರ ಮೂರನ್ನೂ ಮುಗಿಸಬಲ್ಲವರು. 'ಗುರುತಿನ ಚೀಟಿಯೂ ವ್ಯಕ್ತಿಯ ಮಾನವೂ' ಎಂಬ ವಿಷಯದ ಮೇಲೆ ಸಾರ್ವಜನಿಕ ಚರ್ಚೆಯೆಂದು ಅಕ್ಕಪಕ್ಕದ ಬೀದಿಗಳಿಗೆಲ್ಲ ಕರಪತ್ರ ಅಂಟಿಸಿದರು. ಉಪಾಧ್ಯಕ್ಷನ ಸ್ಥಾನಕ್ಕೆ ನನ್ನನ್ನು ಎಳೆದರು. ನಾನೂ ಎಳೆಯಲು ಅನುಕೂಲವಾಗುವ ಹಾಗೆಯೇ ನಿಂತಿದ್ದೆ.

ಚರ್ಚೆಯ ದಿನ ಗೇಟಿನಲ್ಲಿ ಸೆಕ್ಯುರಿಟಿಯವನು ಬಂದವರ ಆಧಾರ್ ಕಾರ್ಡಿನ ಫೋಟೊ ತೆಗೆದುಕೊಂಡು, ರಿಜಿಸ್ಟರಿನಲ್ಲಿ ಹೆಸರು, ಫೋನು, ಈಗಿನ ವಿಳಾಸ ಬರೆಸಿ ಒಳಗೆ ಬಿಡುತ್ತಿದ್ದ. ಕಾರ್ಡಿಲ್ಲದೆ ಪ್ರವೇಶವಿಲ್ಲ. ನಾಗಲಕ್ಷ್ಮಮ್ಮನವರೂ ಒಳ್ಳೆಯ ಸೀರೆಯುಟ್ಟು ಬಂದಿದ್ದರು.

"ಮೇಡಂ, ಕಾರ್ಡು?"

"ಇದು ನಮ್ಮ ಮಾವನೋರ ರಾಗಿ ಒಲ ಕಣಪ್ಪ. ಇಲ್ಲೇ ಕಳೆ ಕಿತ್ತಿದೀನಿ ನಾನು."

"ರೂಲ್ಸು ಮೇಡಂ."

"ಕಾರ್ಡಿನ ಇಸ್ಯ ಮಾತಾಡಾಕೆ ಕಾರ್ಡು ಯಾಕಪ್ಪ? ಬ್ಯಾಡ ಬುಡು," ಎಂದು ಅವರು ತಿರುಗಿ ಹೋದರು. ನಾನು ಬ್ಯಾನರಿನ ಹಿಂದೆ ಸರಿದು ಅವರ ಕಣ್ಣಿಗೆ ಬೀಳದಂತೆ ನೋಡಿಕೊಂಡೆ.

ಒಳಗೆ ಚರ್ಚೆ ಕಾವೇರಿತ್ತು. ನಿವೃತ್ತ ಬ್ಯಾಂಕ್ ಅಧಿಕಾರಿ ಭಾನುಪ್ರಕಾಶ್ ಮೇಜು ಗುದ್ದಿ, "ಮುಚ್ಚಿಡೋಕೆ ಏನೂ ಇಲ್ಲದೋನಿಗೆ ಭಯ ಯಾಕ್ರೀ?" ಎಂದರು. ಹಿಂದಿನ ಸಾಲಿನಿಂದ ಯಾರೋ, "ನಿಮ್ ಪೆನ್ಷನ್ ಎಷ್ಟು ಸಾರ್?" ಎಂದರು. "ಅದೆಲ್ಲ ಪರ್ಸನಲ್ ಕಣ್ರೀ!" ಎಂದು ಭಾನುಪ್ರಕಾಶ್ ಇನ್ನೊಮ್ಮೆ ಮೇಜು ಗುದ್ದಿದರು.

ಕೊನೆಯಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದರ ಒಬ್ಬಳು ಹುಡುಗಿ ಎದ್ದು ನಿಂತಳು. ರಕ್ಷಿತಾ ಅಂತ. ನಾಗಲಕ್ಷ್ಮಮ್ಮನವರ ಬಿಲ್ಡಿಂಗಿನಲ್ಲೇ ರೂಮು ಮಾಡಿಕೊಂಡು, ವೈಟ್‌ಫೀಲ್ಡ್ ಕಡೆಯ ಫ್ಯಾಕ್ಟರಿಯೊಂದರಲ್ಲಿ ಮೀಟರುಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು.

"ಸಾರ್, ಒಬ್ಬನ ಹತ್ರ ನನ್ನ ಆಧಾರ್ ಕಾಪಿ ಇದೆ. ಅದನ್ನ ತೋರಿಸ್ಕೊಂಡು, ನಾನು ಅವಳ ಕಡೆಯೋನು ಅಂತ ಹೇಳ್ಕೊಂಡು, ನಾನಿರೋ ಕಡೆಯೆಲ್ಲ ಬರ್ತಾನೆ. ಪಿ.ಜಿ.ಯೋರು ನಂಬಿ ರೂಮ್ ನಂಬರ್ ಕೊಟ್ಬಿಡ್ತಾರೆ. ಎರಡು ಸಲ ಜಾಗ ಬದಲಾಯಿಸಿದೀನಿ. ಇಲ್ಲಿಗೂ ಬಂದ್ರೆ ಕೆಲಸಾನೇ ಬಿಟ್ಟು ಹೋಗ್ಬೇಕು. ಆ ಕಾಪಿ ವಾಪಸ್ ಇಸ್ಕೊಳ್ಳೋದು ಹೆಂಗೆ ಸಾರ್?"

"ಅತ್ಯುತ್ತಮ ಪ್ರಶ್ನೆ!" ಎಂದು ಗುರುರಾಜ್, ಕೆಲಸ ಮುಗಿದ ಮೇಲೆ ಇನ್ನೊಬ್ಬರ ಮಾಹಿತಿಯನ್ನು ಅಳಿಸಲೇಬೇಕೆನ್ನುವ ಯುರೋಪಿನ ಕಾನೂನುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಅವರು ಯುರೋಪಿನಿಂದ ವಾಪಸು ಬರುವ ಹೊತ್ತಿಗೆ ಬೋಂಡಾ ಬಂದಿತ್ತು. ಹುಡುಗಿ ಎದ್ದು ಹೋಗಿದ್ದಳು.

ಆ ಸಂಜೆ ವೇದಿಕೆಯ ಫೇಸ್‌ಬುಕ್ ಪುಟದಲ್ಲಿ ವರದಿ ಬಂತು. ಸಭೆಗೆ ನೂರಾ ಹನ್ನೆರಡು ಜನ ಬಂದಿದ್ದರೆಂದರೆ ಯಾರೂ ನಂಬುವುದಿಲ್ಲವೆಂದು ಗುರುರಾಜ್ ಪುರಾವೆಯನ್ನೂ ಹಾಕಿದ್ದರು: ರಿಜಿಸ್ಟರಿನ ಎಲ್ಲ ಪುಟಗಳ ಫೋಟೊ. ಹೆಸರು, ಫೋನು, ವಿಳಾಸ. ಮೇಲೆ 'ಪಾರದರ್ಶಕತೆಯೇ ನಮ್ಮ ಉಸಿರು' ಎಂಬ ಸಾಲು. ಆ ಸಾಲು ಬರೆದುಕೊಟ್ಟವನು ನಾನೇ.

ನಾಲ್ಕು ದಿನ ಕಳೆದು, ಒಂದು ಬೆಳಗ್ಗೆ ನಾನು ಹಾಲು ತರಲು ಹೊರಟಿದ್ದಾಗ ಇಸ್ತ್ರಿ ಮಾಡಿದ ಶರ್ಟಿನ ಯುವಕನೊಬ್ಬ ಎದುರಾದ.

"ಸಾರ್, ನೀವು ಬರೆಯೋರಲ್ವಾ? ಸ್ಟೇಜ್ ಮೇಲೆ ಕೂತಿರೋ ಫೋಟೊ ನೋಡಿದೆ ಸಾರ್. ಸಕ್ಕತ್ತಾಗಿ ಬಂದಿತ್ತು."

ಅವನು ಹಿರಿಯೂರಿನವನಂತೆ. ನನ್ನ ಊರೂ ಅದೇ. ಹೆಸರು ಶಶಿಕುಮಾರ್. ನಾಗಲಕ್ಷ್ಮಮ್ಮ ಅನ್ನುವವರ ಬಿಲ್ಡಿಂಗ್ ಎಲ್ಲಿ, ಅಲ್ಲಿ ತನ್ನ ಸಂಬಂಧಿಕರ ಹುಡುಗಿ ಇದ್ದಾಳೆ ಎಂದ. ರಕ್ಷಿತಾ ಕೇಳಿದ ಪ್ರಶ್ನೆಗೂ ಈ ಮನುಷ್ಯನಿಗೂ ತಾಳೆ ಹಾಕುವಷ್ಟು ಬುದ್ಧಿ ಆ ಹೊಗಳಿಕೆಯ ನಂತರ ನನ್ನಲ್ಲಿ ಉಳಿದಿರಲಿಲ್ಲ. ದಾರಿ ತೋರಿಸಿದ್ದಷ್ಟೇ ಅಲ್ಲ, ಊರಿನ ಸುದ್ದಿ ಮಾತಾಡುತ್ತ ಬಾಗಿಲ ತನಕ ಕರೆದುಕೊಂಡೂ ಹೋದೆ.

ನಾಗಲಕ್ಷ್ಮಮ್ಮನವರು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಮ್ಮಾ, ರಕ್ಷಿತಾ ಅಂತ ಇದಾಳಲ್ಲ, ಯಾವ ರೂಮು?" ಎನ್ನುತ್ತ ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. ಆಧಾರ್ ಜೆರಾಕ್ಸು. ಮೇಲೆ ಆ ಹುಡುಗಿಯ ಮುಖ. "ನಂಗೆ ನಿಶ್ಚಯ ಆಗಿರೋ ಹುಡುಗಿ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಒಂದು ಬಕೆಟ್ಟಿನ ಸದ್ದಾಯಿತು. ನನ್ನ ಕತ್ತು ತಾನಾಗಿ ಮೇಲಕ್ಕೆ ತಿರುಗಿತು.

"ಸಾ, ಕೂತ್ಕಳಿ," ಎಂದು ನಾಗಲಕ್ಷ್ಮಮ್ಮನವರು ನನ್ನ ಪಂಚೆ ಹಿಡಿದೆಳೆದು ಮೆಟ್ಟಿಲ ಮೇಲೆ ಕೂರಿಸಿ, ಮಡಿಲಿಗೆ ಎರಡು ಬೊಗಸೆ ಅವರೆಕಾಯಿ ಸುರಿದರು. "ಸುಲೀರಿ. ತಲೆ ಬಗ್ಗಿಸ್ಕಂಡು ಸುಲೀರಿ, ಉಳ ಇರ್ತವೆ."

ನಾನು ತಲೆ ಬಗ್ಗಿಸಿದೆ. ಅವರು ಅವನ ಕಡೆ ತಿರುಗಿದರು.

"ಆ ಕಾಗ್ದ ಇತ್ತ ಕೊಡು." ಅವನು ಕೊಟ್ಟ. "ಇದು ಆ ಉಡ್ಗೀದು. ನಿಂದೆಲ್ಲಿ?"

"ನಂದಾ?"

"ನಿಂದೇ. ಎರಡೂ ಕಡೆ ಜೆರಾಕ್ಸು. ಅದಿಲ್ದೆ ನಾನು ಯಾರ್ ತಾವೂ ಮಾತಾಡಲ್ಲ. ಬೇಕಾದ್ರೆ ಈ ಸಾರ್‌ನ ಕೇಳು, ಇವ್ರೂ ಕೊಟ್ಟವ್ರೆ."

ನಾನು ಅವರೆಕಾಯಿಗೆ ತಲೆಯಾಡಿಸಿದೆ. ಅವನು ಫೋನಿನಲ್ಲಿದ್ದ ಫೋಟೊ ತೋರಿಸಲು ಬಂದ. "ಅದಾಗಕಿಲ್ಲ. ಮೂಲೇಲಿ ಅಂಗಡಿ ಅದೆ, ತಕ್ಕಂಬಾ." ಅವನು ಹೋಗಿ ತಂದೇಬಿಟ್ಟ. ಆಧಾರ್ ಜೆರಾಕ್ಸ್ ಕೇಳಿದರೆ ಈ ದೇಶದಲ್ಲಿ ಯಾಕೆಂದು ಕೇಳುವ ಅಭ್ಯಾಸ ಯಾರಿಗೂ ಉಳಿದಿಲ್ಲ, ಬೇರೆಯವರದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವನಿಗೂ.

ಅವರು ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. "ಶಶಿಕುಮಾರ್. ತಂದೆ ಈರಪ್ಪ. ಇರಿಯೂರು. ಸರಿ. ಕೆಳಗೆ ಬರಿ: ಇಂಥಾ ತಾರೀಕು, ಇಂಥಾ ಉಡ್ಗೀನ ಉಡುಕ್ಕಂಡು ಬಂದಿದ್ದೆ. ಸೈನ್ ಆಕು."

ಅವನು ಬರೆದ. ಸೈನ್ ಹಾಕಿದ. ಅವರು ಅದನ್ನು ಬಿಸ್ಕತ್ ಡಬ್ಬಿಗೆ ಹಾಕಿ ಮುಚ್ಚಳ ಬಡಿದರು. ಆ ಸದ್ದು ನನಗೆ ಮೊದಲ ಬಾರಿಗೆ ಹಿತವಾಗಿ ಕೇಳಿಸಿತು.

"ಈಗ ಹೇಳಿ ಅಮ್ಮಾ, ಯಾವ ರೂಮು?"

"ಅಂಥೋರು ಯಾರೂ ಇಲ್ಲ ಇಲ್ಲಿ."

"ಫೇಸ್‌ಬುಕ್ಕಲ್ಲಿ ಇದೆಯಲ್ಲಮ್ಮ!"

"ಅಂಗಾರೆ ಅಲ್ಲೇ ಓಗಿ ಬಾಗ್ಲು ತಟ್ಟು."

"ಮತ್ತೆ ನನ್ನ ಕಾಪಿ ಯಾಕೆ ಇಟ್ಕೊಂಡ್ರಿ? ಕೊಡಿ ಇಲ್ಲಿ!"

"ಇಲ್ಲಿರೋ ಉಡ್ಗೀರ್ನ ಯಾರಾದ್ರೂ ಉಡುಕ್ಕಂಡು ಬಂದ್ರೆ ಅವ್ರ ಕಾಪೀನೂ ಸ್ಟೇಷನ್ಗೆ ಕೊಡ್ತೀನಿ. ನನ್ ರೂಲು. ಇನ್ನೊಂದ್ ಸಲ ನಿನ್ ಮಖ ಈ ಬೀದೀಲಿ ಕಂಡ್ರೆ ನಾಳೀಕೇ ಕೊಡ್ತೀನಿ. ಕಾಣ್ದೆ ಇದ್ರೆ ಡಬ್ಬೀಲಿ ಇರ್ತದೆ. ನಿನ್ ಕೈಬರಹ ಚೆನ್ನಾಗೈತೆ, ಓದಾಕೆ ಅವ್ರಿಗೆ ಕಷ್ಟ ಆಗಾಕಿಲ್ಲ."

ಅವನು ನನ್ನ ಕಡೆ ನೋಡಿದ. ಊರಿನವನು, ಬರೆಯುವವನು, ಏನಾದರೂ ಹೇಳಿಯಾನೆಂದು. "ಹುಳ ಜಾಸ್ತಿ ಇವೆ ಈ ಸಲ," ಎಂದೆ. ಅವನು ಮೆಟ್ರೊ ಸ್ಟೇಷನ್ನಿನ ಕಡೆ ಹೊರಟ. ಎರಡು ಸಲ ಹಿಂತಿರುಗಿ ನೋಡಿದ್ದು ಮೇಲಿನ ಕಿಟಕಿಗಳನ್ನಲ್ಲ, ಡಬ್ಬಿಯನ್ನು.

ನಾನು ಅಲ್ಲಿಂದಲೇ ಗುರುರಾಜ್‌ಗೆ ಫೋನ್ ಮಾಡಿ, ಆ ರಿಜಿಸ್ಟರ್ ಫೋಟೊಗಳನ್ನು ತೆಗೆಯಿರಿ ಎಂದೆ. "ಅದಕ್ಕೊಂದು ಪ್ರೊಸೆಸ್ ಇದೆ ಸಾರ್. ಭಾನುವಾರ ಸಮಿತಿ ಸೇರಿ, ನಿರ್ಣಯ ಮಾಡಿ..." ನಾಗಲಕ್ಷ್ಮಮ್ಮನವರು ಫೋನು ಕಿತ್ತುಕೊಂಡರು.

"ಗುರುರಾಜಪ್ಪ, ನಿಮ್ ನೀರಿನ ಟ್ಯಾಂಕರು ಬರಾದು ನಮ್ ಜಾಗದ್ ಮೇಲೆ. ಅದ್ಕೂ ಒಂದು ಪ್ರೊಸೆಸ್ ಮಾಡ್ಲಾ?"

ಫೋಟೊಗಳು ಒಂದೂವರೆ ನಿಮಿಷದಲ್ಲಿ ಮಾಯವಾದವು. ಸಮಿತಿಯ ಕೋರಂ ಅಷ್ಟು ಬೇಗ ಎಲ್ಲಿಂದ ಸಿಕ್ಕಿತೋ ತಿಳಿಯದು.

ರಕ್ಷಿತಾ ಕೆಳಗಿಳಿದು ಬಂದಳು. ಕಣ್ಣು ಕೆಂಪಗಾಗಿತ್ತು. ಅವನಿಂದ ಇಸಿದುಕೊಂಡ ಕಾಗದವನ್ನು ನಾಗಲಕ್ಷ್ಮಮ್ಮನವರು ಅವಳ ಕೈಗಿಟ್ಟು, "ತಕ್ಕ ಮಗಾ, ನಿಂದು. ಇನ್ನೆಷ್ಟು ಕಾಪಿ ಮಡಗವ್ನೋ ಕಾಣೆ, ಅವ್ನದೊಂದು ನಮ್ ತಾವೂ ಅದೆ. ಡ್ಯೂಟಿಗೆ ಒರಡು," ಎಂದರು. ಅವಳು ಅದನ್ನು ಅಲ್ಲೇ ಹಂಡೆಯ ಕೆಳಗೆ ಉರಿಯುತ್ತಿದ್ದ ನೀರೊಲೆಗೆ ಹಾಕಿ, ಅದು ಪೂರ್ತಿ ಉರಿಯುವ ತನಕ ನಿಂತಿದ್ದು, ಬ್ಯಾಗು ಹೆಗಲಿಗೇರಿಸಿಕೊಂಡು ಹೋದಳು.

ಕಾಫಿ ಬಂತು. ಕುಡಿಯುತ್ತ ನಾನು, ಎರಡು ವರ್ಷದಿಂದ ಗಂಟಲಲ್ಲಿದ್ದ ತೆಂಗಿನಕಾಯಿಯ ವಿಷಯ ಎತ್ತಿದೆ. ಅವರಿಗೆ ನೆನಪಿರಲಿಲ್ಲ.

"ಓ, ಅದಾ? ಮನೆ ಖಾಲಿ ಮಾಡೋರ್ಗೆಲ್ಲ ಅಂಗೇ ಕೊಡಾದು. ಬುಟ್ಟೋದ್ ಮೇಲೆ ನಿಮ್ ಮಖ ನನ್ ಡಬ್ಬೀಲಿ ಯಾಕಿರ್ಬೇಕು? ಬರೀ ಕಾಗ್ದ ಕೈಗ್ ಕೊಟ್ರೆ ಅವಮಾನ ಮಾಡ್ದಂಗೆ ಆಯ್ತದೆ ಅಂತ ಕಾಯಿ ಇಟ್ಟು ಕೊಡ್ತೀನಿ. ಏಳ್ದೆ ಕೇಳ್ದೆ ಬುಟ್ಟೋದೋರದ್ದು ನೀರೊಲೆಗೆ."

ಎಂದರೆ ಕಾಯಿ ಕಟ್ಟಲು ಕಾಗದ ಕೊಟ್ಟಿದ್ದಲ್ಲ, ಕಾಗದ ಕೊಡಲು ಕಾಯಿ ಕೊಟ್ಟದ್ದು. ಗುರುರಾಜ್ ಇಪ್ಪತ್ತು ನಿಮಿಷ ಯುರೋಪು ಸುತ್ತಿ ಹುಡುಕಿದ್ದನ್ನು ಈ ಹೆಂಗಸು ಹಂಡೆಗೆ ಬೆಂಕಿ ಹಾಕುತ್ತ ನಡೆಸಿಕೊಂಡು ಬಂದಿದ್ದರು. ಇದನ್ನು ಬರೆಯಲೇಬೇಕು, ವೇದಿಕೆಯಿಂದ ಇವರಿಗೊಂದು ಶಾಲು ಹೊದಿಸಲೇಬೇಕು ಎಂದೆಲ್ಲ ನನ್ನ ಮನಸ್ಸು ಉಬ್ಬತೊಡಗಿತು. ಬರೆಯಬೇಕಾದರೆ ವಿವರ ಬೇಡವೆ? ಲೋಟ ಕೈಯಲ್ಲಿ ಹಿಡಿದೇ, ಹತ್ತಿರ ಜರುಗಿ, ದನಿ ತಗ್ಗಿಸಿ ಕೇಳಿದೆ.

"ಅಲ್ಲ ನಾಗಲಕ್ಷ್ಮಮ್ಮನೋರೆ, ನಿಶ್ಚಯ ಆಗಿತ್ತು ಅಂತಾನೆ. ನೋಡೋಕೂ ಚೆನ್ನಾಗೇ ಇದಾನೆ. ಆ ಹುಡುಗಿ ಮದುವೆ ಬೇಡ ಅಂದಿದ್ದು ಯಾಕಂತೆ?"

ಅವರು ಸುಲಿದ ಅವರೆಕಾಳನ್ನು ಮೊರಕ್ಕೆ ಸುರಿದು ಎದ್ದು ನಿಂತರು.

"ಅದನ್ನ ಕಟ್ಕಂಡು ನಿಮ್ಗೇನಾಗ್ಬೇಕು ಸಾ? ಕಾಫಿ ಆಯ್ತಲ್ಲ, ಲೋಟ ಅಲ್ಲಿ ಮಡಗಿ."