ಶಾಂತಕ್ಕ ಮೇಲಿನಿಂದ ಕೊಟ್ಟ ತಾಳ

ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ನಗುವುದು. "ನನ್ನ ಕಿವಿಗೆ ಹೂವಿಡಬೇಡಿ" ಎಂದು ಎದ್ದು ಹೋದದ್ದೂ ಉಂಟು. ಎಂಥ ಕಥೆ ಹೇಳಿದರೂ ನನ್ನ ಉತ್ತರ ಒಂದೇ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಈಗ ಹಾಗೆ ಎದ್ದು ಹೋಗುವುದಿಲ್ಲ. ನಂಬಿಕೆ ಬಂದುಬಿಟ್ಟಿದೆ ಎಂದಲ್ಲ. ನಾನು ಬರೆಯಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಆದ್ದರಿಂದ ನೀವು ನಕ್ಕರೂ ನನಗೆ ಬೇಸರವಿಲ್ಲ.

ಚಂದ್ರಾ ಲೇಔಟಿನಲ್ಲಿ ನಮ್ಮದೊಂದು ಚಿಕ್ಕ ಮನೆ. ನಮ್ಮ ಅಡುಗೆಮನೆಯ ನೆತ್ತಿಯ ಮೇಲೆ ಒಂದು ರೂಮು. ಅದರಲ್ಲಿ ಶಾಂತಕ್ಕ ಬಾಡಿಗೆಗಿದ್ದಳು. ಆರ್ಕೆಸ್ಟ್ರಾದಲ್ಲಿ ಹಾಡುವವಳು. ಗಣೇಶನ ಹಬ್ಬ ಬಂತೆಂದರೆ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿಯುವವರೆಗೂ ಅವಳಿಗೆ ಪುರುಸೊತ್ತಿಲ್ಲ. ಮದುವೆಯಾಗಿರಲಿಲ್ಲ, ರಾತ್ರಿ ತಡವಾಗಿ ಬರುತ್ತಿದ್ದಳು, ಬೀದಿಯವರಿಗೆ ಇಷ್ಟು ಸಾಕಲ್ಲ. ಒಮ್ಮೆ ನಮ್ಮಮ್ಮ ಗೇಟಿನಲ್ಲಿ ನಿಂತು, "ಅವಳು ಹಾಡಿ ದುಡೀತಾಳೆ, ನೀವು ಬರೀ ಮಾತಾಡಿ ದಣೀತೀರ" ಎಂದು ಎಲ್ಲರ ಬಾಯಿಗೂ ಬೀಗ ಹಾಕಿದ್ದಳು.

ಸಂಗೀತಕ್ಕೆ ನನ್ನ ಕಿವಿ ತೆರೆಸಿದವಳೇ ಶಾಂತಕ್ಕ. ಅಲ್ಲಿಯವರೆಗೆ ಸಿನಿಮಾ ಹಾಡು ಬಿಟ್ಟರೆ ನನಗೆ ಬೇರೆ ಪ್ರಪಂಚವಿರಲಿಲ್ಲ. ರಾಮನವಮಿಯಲ್ಲಿ ರಾಜಾಜಿನಗರದ ಪೆಂಡಾಲಿಗೆ ಕಚೇರಿ ಕೇಳಲು ಕರೆದುಕೊಂಡು ಹೋದಳು. ನಾನು ಕೋಸಂಬರಿಯ ಮೇಲೆ ಕಣ್ಣಿಟ್ಟು ಕೂತಿದ್ದರೆ, ಪಿಟೀಲು ಒಂದು ತಿರುವು ತೆಗೆದುಕೊಂಡಾಗ ಸರಿಯಾಗಿ ನನ್ನ ತೊಡೆ ಚಿವುಟಿದಳು. ಇನ್ನೊಮ್ಮೆ ಒಂದು ಬೇಸ್‌ಮೆಂಟಿನಲ್ಲಿ ಹುಡುಗರ ಮೆಟಲ್ ಬ್ಯಾಂಡು. ಕರೀ ಟೀ ಶರ್ಟುಗಳ ನಡುವೆ ಹೂ ಮುಡಿದುಕೊಂಡು ನಿಂತವರು ನಾವಿಬ್ಬರೇ. ನಾನು ಕಿವಿ ಮುಚ್ಚಿಕೊಂಡು ಹೊರಟರೆ ಕೈ ಹಿಡಿದು ಎಳೆದಳು. "ಕಿರುಚೋದನ್ನ ಬಿಡೇ, ಆ ಡ್ರಮ್ಸ್ ಕೇಳು. ಎರಡೂ ಕಾಲಲ್ಲಿ ಹೆಂಗ್ ಓಡಿಸ್ತಾವ್ನೆ ನೋಡು!" ಆಮೇಲೆ ನಾನು ಅವಳನ್ನೂ ಮೀರಿಸಿದ ಹುಚ್ಚಿಯಾದೆ. ಖವ್ವಾಲಿ, ಜಾಝ್, ತತ್ವಪದ, ಯಾವುದನ್ನೂ ಬಿಡಲಿಲ್ಲ.

ನಮ್ಮಿಬ್ಬರಲ್ಲಿ ಒಂದು ಪದ್ಧತಿಯಿತ್ತು. ನನಗೆ ಹೊಸ ಹಾಡು ಸಿಕ್ಕರೆ ಅಡುಗೆಮನೆಯಲ್ಲಿ ಸ್ಪೀಕರ್ ಜೋರಾಗಿ ಇಡುತ್ತಿದ್ದೆ. ಯಾರದು, ಯಾವ ದೇಶದ್ದು ಎಂದು ಮೊದಲೇ ಹೇಳುವಂತಿಲ್ಲ. ಅವಳಿಗೆ ಹಿಡಿಸಿದರೆ ಮೇಲಿನಿಂದ ಹಿಮ್ಮಡಿಯಲ್ಲಿ ನೆಲಕ್ಕೆ ತಾಳ ಕುಟ್ಟುತ್ತಿದ್ದಳು. ಹಿಡಿಸದಿದ್ದರೆ ಸದ್ದಿಲ್ಲ. ಆ ಹಿಮ್ಮಡಿಯ ಸದ್ದಿಗಾಗಿ ನಾನು ಇಡೀ ವಾರ ಹಾಡು ಹುಡುಕಿದ್ದಿದೆ.

ಅವಳ ಅಪ್ಪ ಕೆಂಗೇರಿ ಕಡೆಯ ಹಳ್ಳಿಯಲ್ಲಿ ತಮಟೆ ಬಾರಿಸುತ್ತಿದ್ದವರು. ದೇವರ ಮುಂದಿನ ಏಟು, ಮದುವೆಯ ಏಟು, ಕುಣಿತದ ಏಟು ಎಂದು ಒಂದೊಂದನ್ನೂ ನಮ್ಮ ಅಡುಗೆಕಟ್ಟೆಯ ಮೇಲೆ ಬಾರಿಸಿ ತೋರಿಸಿದ್ದಳು. ಒಂದನ್ನು ಮಾತ್ರ ಬಿಟ್ಟಳು. ಹೆಣದ ಮುಂದೆ ಬಾರಿಸುವುದನ್ನು ಮನೆಯೊಳಗೆ ಬಾರಿಸಬಾರದಂತೆ. ಚಿಕ್ಕವಳಿದ್ದಾಗ ಆಟಕ್ಕೆಂದು ಡಬ್ಬದ ಮೇಲೆ ಬಾರಿಸಿ ಅಪ್ಪನ ಕೈಲಿ ಕೆನ್ನೆಗೆ ತಿಂದಿದ್ದಳಂತೆ. ಬೀದಿಯಲ್ಲಿ ದಿನಾ ಕೇಳಿಸುತ್ತದಲ್ಲ, ಅದೇನು ಮಹಾ ಎಂದರೆ, ಈಗಿನವರದು ಬೇರೆ, ಹಳೆಯದು ಬಲು ನಿಧಾನ ಎಂದಳು. "ಅದೊಂದ್ ಕೇಳ್ಬೇಡ ಕಣೇ" ಎಂದು ಎದ್ದು ಹೋದಳು.

ಕೆಲವು ವರ್ಷಗಳ ಹಿಂದೆ, ಗಣೇಶನ ಕಾರ್ಯಕ್ರಮಗಳ ಭರಾಟೆಯಲ್ಲಿ ಒಂದು ಭಾನುವಾರ. ಹಿಂದಿನ ರಾತ್ರಿ ಶಾಂತಕ್ಕ ಮಹಾಲಕ್ಷ್ಮಿ ಲೇಔಟಿನಲ್ಲಿ ಹಾಡಿ ಬಂದಿದ್ದಳು. ಸ್ಕೂಟರ್ ಗೇಟಿನ ಒಳಗಿತ್ತು. ಹಾಡಿ ಬಂದ ಮಾರನೆಯ ದಿನ ಅವಳು ಏಳುವುದೇ ತಡವಾದ್ದರಿಂದ ಯಾರೂ ಎಬ್ಬಿಸಲು ಹೋಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಹಾಲ್‌ನಲ್ಲಿ ಅಡ್ಡಾದಳು. ನನಗೆ ಮರಳುಗಾಡಿನ ಕಡೆಯ ಯಾವುದೋ ಗಿಟಾರ್ ತಂಡದ ಹಾಡೊಂದು ಸಿಕ್ಕಿತ್ತು, ಕೈ ಸುಮ್ಮನಿರಲಿಲ್ಲ. ಸ್ಪೀಕರ್ ಹಾಕಿದೆ. ಮೇಲಿನಿಂದ ಉತ್ತರವಿಲ್ಲ. ಇನ್ನೊಮ್ಮೆ ಹಾಕಿದೆ.

ಹಾಡು ಮುಗಿಯುವ ಹೊತ್ತಿಗೆ ಹಿಮ್ಮಡಿ ಶುರುವಾಯಿತು. ಆದರೆ ಅದು ನನ್ನ ಹಾಡಿಗೆ ಹೊಂದಲಿಲ್ಲ. ಹಾಡು ನಿಂತರೂ ಅದು ನಿಲ್ಲಲಿಲ್ಲ. ಬಲು ನಿಧಾನವಾಗಿ, ತಡೆದು ತಡೆದು ಬರುತ್ತಿತ್ತು. ನನಗೆ ಎಲ್ಲಿಲ್ಲದ ಖುಷಿ. ಅಕ್ಕ ಹೊಸದೇನೋ ಹಿಡಿದುಕೊಂಡು ಬಂದು ನನಗೇ ಸವಾಲು ಹಾಕುತ್ತಿದ್ದಾಳೆ ಅಂದುಕೊಂಡೆ. ಐದರಲ್ಲಿ ಎಣಿಸಿದೆ, ಏಳರಲ್ಲಿ ಎಣಿಸಿದೆ, ಯಾವುದಕ್ಕೂ ಕೂರಲಿಲ್ಲ. ಕೊನೆಗೆ ಸ್ಟೀಲಿನ ಹಿಟ್ಟಿನ ಡಬ್ಬ, ಒಂದು ಸೌಟು ತೆಗೆದುಕೊಂಡು ಅವಳ ಜೊತೆಗೇ ಬಾರಿಸುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಕೈಗೆ ಹತ್ತಿತು. ನಗು ಬರುತ್ತಿತ್ತು ನನಗೆ.

ಅಮ್ಮ ತಲೆಗೂದಲು ಕೆದರಿಕೊಂಡು ಓಡಿ ಬಂದವಳೇ ಸೌಟು ಕಿತ್ತುಕೊಂಡಳು.

"ನಿಲ್ಸೇ! ಯಾರೇ ಹೇಳ್ಕೊಟ್ಟಿದ್ದು ಇದನ್ನ ನಿಂಗೆ?"

"ಶಾಂತಕ್ಕ ಕಣಮ್ಮ, ಮೇಲಿಂದ ಕೊಡ್ತಾ ಇದಾಳೆ. ಕೇಳು."

ಇಬ್ಬರೂ ಮೇಲೆ ನೋಡಿಕೊಂಡು ನಿಂತೆವು. ಏನೂ ಕೇಳಿಸಲಿಲ್ಲ. ಅಮ್ಮ ಹುಟ್ಟಿ ಬೆಳೆದದ್ದೂ ಕೆಂಗೇರಿ ಕಡೆಯೇ, ಸ್ಮಶಾನಕ್ಕೆ ಹೋಗುವ ದಾರಿಯ ಮನೆ. ಸೌಟನ್ನು ಸಿಂಕಿಗೆ ಎಸೆದಳು. "ನಮ್ಮೂರಲ್ಲಿ ಹೆಣದ ಮುಂದೆ ಬಾರಿಸ್ತಿದ್ದಿದ್ದು ಇದು. ಹೋಗು, ಮೊದ್ಲು ಅವಳ್ನ ನೋಡ್ಕೊಂಡ್ ಬಾ."

ಮೇಲೆ ಓಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದೆ, ಬಡಿದೆ. ಫೋನ್ ಮಾಡಿದರೆ ಒಳಗೇ ರಿಂಗಾಯಿತು. ಎದುರು ಮನೆಯ ಲೋಕೇಶಣ್ಣ ಬಂದು ಬಾಗಿಲು ಒದ್ದು ತೆಗೆದ. ಶಾಂತಕ್ಕ ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಸ್ಟೇಜಿಗೆ ಉಟ್ಟಿದ್ದ ಮಿಂಚಿನ ಸೀರೆ ಇನ್ನೂ ಮೈಮೇಲಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು. ನೆಲವೂ ತಣ್ಣಗಿತ್ತು. ನಾನು ಅಲ್ಲೇ ಕೂತು ಅತ್ತೆ.

ಪಕ್ಕದ ರಸ್ತೆಯ ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ, ರಾತ್ರಿಯೇ ಹೋಗಿರಬೇಕು ಎಂದರು. ಈಗಷ್ಟೇ ಅವಳು ತಾಳ ಕುಟ್ಟಿದಳಲ್ಲ ಎಂದೆ. "ಪಕ್ಕದಲ್ಲಿ ಎಲ್ಲೋ ಕಟ್ಟಡದ ಕೆಲಸ ನಡೀತಿರಬೇಕಮ್ಮ" ಎಂದರು. ಭಾನುವಾರ, ನಮ್ಮ ಬೀದಿಯಲ್ಲಿ ಎಲ್ಲೂ ಕೆಲಸವಿರಲಿಲ್ಲ. ಬಾಗಿಲವರೆಗೂ ಅವರ ಹಿಂದೆ ಹೋಗಿ ಮತ್ತೆ ಕೇಳಿದೆ.

"ರಾತ್ರೀನೇನಾ ಸಾರ್? ಖಂಡಿತಾನಾ?"

"ಹಂಗೆ ಗಂಟೆ ಹಿಡ್ಕೊಂಡು ಹೇಳೋಕಾಗಲ್ಲಮ್ಮ" ಎಂದು ಬ್ಯಾಗು ತೆಗೆದುಕೊಂಡು ಇಳಿದು ಹೋದರು.

ಸಂಜೆ ಅವಳ ತಮ್ಮ ಬಂದ. ಆರ್ಕೆಸ್ಟ್ರಾದವರೆಲ್ಲ ಬಂದು ಗೋಳೋ ಎಂದು ಅತ್ತರು. ಮುಂದೆ ತಮಟೆ ಬಾರಿಸುತ್ತಾ ಅವಳನ್ನು ತೆಗೆದುಕೊಂಡು ಹೋದರು. ತಮಟೆಯ ಹುಡುಗರು ಬಾರಿಸಿದ್ದು ಈಗಿನ ಜೋರಿನ ಏಟು, ನಾನು ಕೇಳಿದ್ದು ಅದಲ್ಲ.

ಇಷ್ಟೇ ನಡೆದದ್ದು. ಇದನ್ನು ಎಷ್ಟು ಸಲ ಬಿಡಿಸಲು ಕೂತಿದ್ದೇನೋ ಲೆಕ್ಕವಿಲ್ಲ. ರಾತ್ರಿಯೇ ಸತ್ತವಳು ಮಧ್ಯಾಹ್ನ ಕಾಲು ಆಡಿಸುವುದು ಸಾಧ್ಯವಿಲ್ಲ. ನನ್ನ ಭ್ರಮೆ ಎಂದರೆ, ನಾನು ಎಂದೂ ಕೇಳದ ಏಟು ನನ್ನ ಕೈಗೆ ಹೇಗೆ ಬಂತು? ಅಮ್ಮ ಗುರುತು ಹಿಡಿದದ್ದು ನನ್ನ ಡಬ್ಬದ ಸದ್ದಿನಿಂದಲ್ಲವೇ? ಇನ್ನೊಂದು ದಾರಿಯಿದೆ, ಅದನ್ನು ಅಮ್ಮನ ಹತ್ತಿರವೂ ನಾನು ಬಾಯಿಬಿಟ್ಟು ಹೇಳಿಲ್ಲ. ಡಾಕ್ಟರು ತಪ್ಪಿದ್ದರೆ? ಬಾಯಿ ಬಾರದೆ, ಏಳಲಾಗದೆ ಬಿದ್ದಿದ್ದವಳು, ಕೆಳಗೆ ನನ್ನ ಸ್ಪೀಕರಿನ ಸದ್ದು ಕೇಳಿ, ನಾನಿದ್ದೇನೆಂದು ತಿಳಿದು, ಉಳಿದಿದ್ದ ಶಕ್ತಿಯನ್ನೆಲ್ಲ ಹಿಮ್ಮಡಿಗೆ ತಂದುಕೊಂಡು ನೆಲ ಬಡಿದಿದ್ದರೆ? ಸಿಕ್ಕಿದ್ದರಲ್ಲೆಲ್ಲ ತಾಳ ಹುಡುಕುವ ನನ್ನ ಕಿವಿ ಅದನ್ನೂ ತಾಳ ಮಾಡಿಕೊಂಡಿದ್ದರೆ?

ಹಾಗಾಗಿ ಸತ್ತವಳೇ ಬಾರಿಸಿದಳು ಎಂದು ನಂಬಲು ದಿನಾ ಒದ್ದಾಡುತ್ತೇನೆ. ಪೂರ್ತಿ ನಂಬಲು ಇನ್ನೂ ಆಗಿಲ್ಲ.